ಯಜಮಾನರಿಗೆ ಬೀಸಿದ ಗಾಳಿ

ಪರಮಶಿವಯ್ಯ ಅಂದು ಪಟ್ಟ ಪಾಡಿಗೆಲ್ಲ ಮೂಲ ಒಂದು ಬಲ್ಬಿನ ಹೋಲ್ಡರು. ಅದರೊಳಗಿನ ಸ್ಪ್ರಿಂಗು ಸತ್ತು ಯಾವ ಕಾಲವಾಗಿತ್ತೋ. ಬಲ್ಬು ಉರಿಯಬೇಕಾದರೆ ಕೆಳಗಿನಿಂದ ಯಾರಾದರೂ ಒತ್ತಿ ಹಿಡಿಯಬೇಕು. ಹೊಸದು ಹಾಕಿಸಿಕೊಡಿ ಎಂದು ಕೇಳಿದರೆ, ಪಕ್ಕದಲ್ಲೇ ವಾಸವಿದ್ದ ಅವನ ಬಾಡಿಗೆ ಮನೆಯ ಯಜಮಾನರು ಚನ್ನಬಸವಯ್ಯನವರು, "ಕತ್ಲಾದ್ರೆ ಮನಿಕಬೇಕು ಕಣಯ್ಯ, ದೀಪ ಯಾತುಕ್ಕೆ?" ಎಂದಿದ್ದರು.

ಹೋಲ್ಡರಾದರೂ ಹೋಗಲಿ, ಮನೆಯ ಮಾಡು ತಗಡಿನದು. ಚನ್ನರಾಯಪಟ್ಟಣದ ಏಪ್ರಿಲ್ ಬಿಸಿಲಿಗೆ ಅದು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಎರಡು ಬೇಸಿಗೆಯ ಹಿಂದೆ ಪರಮಶಿವಯ್ಯನ ಚೊಚ್ಚಲ ಕೂಸು ಅದೇ ತಗಡಿನ ಕೆಳಗೆ ಜ್ವರ ಕಾದು ತೀರಿಹೋಗಿತ್ತು. ಈಗ ಎರಡನೆಯದಕ್ಕೆ ಐದು ತಿಂಗಳು. ಅದನ್ನು ಎತ್ತಿಕೊಂಡು ಕೊಣನೂರಿನ ತವರಿನಲ್ಲಿ ಕುಳಿತಿದ್ದ ಹೆಂಡತಿ ಗಂಗಾಂಬಿಕೆ, "ಆ ಮನೆ ತಣ್ಣಗಾಗ್ಲಿ, ಆಮ್ಯಾಕೆ ಬತ್ತೀನಿ" ಎಂದು ಖಂಡತುಂಡವಾಗಿ ಹೇಳಿಬಿಟ್ಟಿದ್ದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಪರಮಶಿವಯ್ಯ ಕೈಗಡಿಯಾರ ಮಾರಿ ಹಾಸನದಿಂದ ಒಂದು ಟೇಬಲ್ ಫ್ಯಾನು ತಂದ. ಬಲ್ಬು ಬಿಚ್ಚಿ ಅದೇ ಹೋಲ್ಡರಿಗೆ ಫ್ಯಾನಿನ ಪಿನ್ನು ಸಿಕ್ಕಿಸಿ, ಕೆಳಗಿನಿಂದ ಒಂದು ಬಿದಿರಿನ ಗಳವನ್ನು ಒತ್ತುಕೊಟ್ಟು ನಿಲ್ಲಿಸಿದ. ಫ್ಯಾನು ತಿರುಗಿತು. ಫ್ಯಾನಿನ ಸುದ್ದಿ ಕೇಳಿ ಗಂಗಾಂಬಿಕೆ ಮಗುವಿನೊಡನೆ ಆ ಸಂಜೆಯ ಬಸ್ಸಿಗೆ ಬರುವುದೆಂದಾಗಿತ್ತು. ಗಾಳಿಗೆ ಮುಖವೊಡ್ಡಿ ಅವನು ಇನ್ನೂ ಕಣ್ಣು ಮುಚ್ಚಿರಲಿಲ್ಲ, ಪಕ್ಕದ ಮನೆಯಲ್ಲಿ ಗೋಳೋ ಎಂಬ ಸದ್ದೆದ್ದಿತು.

ಕಾಯಿ ಎಣಿಸಲು ಕೊಬ್ಬರಿ ಅಟ್ಟ ಹತ್ತಿದ್ದ ಚನ್ನಬಸವಯ್ಯನವರು ಅಲ್ಲೇ ಕಾಯಿಯ ಮೇಲೆ ಬೋರಲು ಬಿದ್ದಿದ್ದರು. ಎದುರುಮನೆ ಸಣ್ಣಯ್ಯ ಕೈ ಹಿಡಿದು ನೋಡಿದ. ಎತ್ತು ಎಮ್ಮೆಗಳಿಗೆ ಮದ್ದರೆದು ಪಳಗಿದ ಕೈ ಅದು. ಮನುಷ್ಯರ ಸಾವಿಗೂ ಬೀದಿಯಲ್ಲಿ ಅವನದೇ ತೀರ್ಪು.

"ನಾಡಿ ಬುಟ್ಟೋಗೈತೆ. ಶಿವನ ಪಾದ ಸೇರ್ಕಂಡ್ರು" ಎಂದ ಸಣ್ಣಯ್ಯ.

ಪದ್ಧತಿಯಂತೆ ಯಜಮಾನರನ್ನು ಗೋಡೆಗೆ ಒರಗಿಸಿ ಕೂರಿಸಿ, ಬೀಳದಂತೆ ಎದೆಗೊಂದು ಪಂಚೆ ಬಿಗಿದು, ಹಣೆತುಂಬ ವಿಭೂತಿ ಬಳಿದು ಹಾರ ಹಾಕಿದರು. ಭದ್ರಾವತಿಯಲ್ಲಿದ್ದ ಮಗ ಬರುವುದು ಮರುದಿನ. ಅಲ್ಲಿಯವರೆಗೆ ಈ ಸೆಕೆಯಲ್ಲಿ ದೇಹ ತಡೆಯಬೇಕಲ್ಲ. ಸಣ್ಣಯ್ಯ ನೆಟ್ಟಗೆ ಪರಮಶಿವಯ್ಯನ ಮನೆಗೆ ಬಂದು ಫ್ಯಾನಿಗೇ ಕೈಹಾಕಿದ.

"ನನ್ ಎಂಡ್ರು ಮಗ ಬತ್ತಾವ್ರೆ ಕಣಣ್ಣ, ಸಾಯಂಕಾಲ" ಎಂದ ಪರಮಶಿವಯ್ಯ.

"ಬದುಕಿರೋರು ಬೀಸಣಿಗೇಲಿ ಬೀಸ್ಕಬೌದು ಕಣ್ಲಾ. ಸತ್ತೋರ ಕೈಲಾದದಾ?"

ಸಣ್ಣಯ್ಯ ಫ್ಯಾನನ್ನು ಎತ್ತಿಕೊಂಡೇ ಹೊರಟ. ಯಜಮಾನರು ತಮ್ಮ ಮನೆಗೆ ಕರೆಂಟು ಹಾಕಿಸಿರಲಿಲ್ಲವಾದ್ದರಿಂದ, ಪರಮಶಿವಯ್ಯನ ಹೋಲ್ಡರಿನಿಂದಲೇ ನಡುಗೋಡೆಯ ಮೇಲೆ ಹಾಯಿಸಿ ವೈರು ಎಳೆದದ್ದಾಯಿತು. ಫ್ಯಾನು ಹೆಣದ ಮುಂದೆ ತಿರುಗತೊಡಗಿದಾಗ ಭಜನೆಯವರೆಲ್ಲ ಮೆಲ್ಲಗೆ ಅದರ ದಿಕ್ಕಿಗೇ ಜರುಗಿ ಕುಳಿತರು.

ಯಜಮಾನರ ಹೆಂಡತಿ ದಾಕ್ಷಾಯಣಮ್ಮ ಅಳುತ್ತಲೇ ಪರಮಶಿವಯ್ಯನನ್ನು ಪಕ್ಕಕ್ಕೆ ಕರೆದರು. "ನಿನ್ ಕೂಸು ಓದಾಗ್ಲೇ ಏಳ್ದೆ ಕಣಪ್ಪ, ತಗಡು ತೆಗ್ಸಿ ಅಂಚು ಒದಿಸ್ರೀ ಅಂತ. ಈ ಮಾರಾಯ ಕೇಳ್ಳಿಲ್ಲ. ಮಗ ಬರ್ಲಿ, ಮಣ್ಣಾದ್ ಮಾರ್ನೇ ದಿನವೇ ಅಂಚು ಒದಿಸ್ತೀನಿ."

ಪರಮಶಿವಯ್ಯನ ಬಾಯಿ "ಅಯ್ಯೋ, ಎಂಥಾ ದೊಡ್ಡ ಮನುಷ್ಯರು" ಎಂದಿತು. ಮನಸ್ಸು ಮಾತ್ರ ಆಗಲೇ ಹಂಚಿನ ಮಾಡಿನ ಕೆಳಗೆ ತೊಟ್ಟಿಲು ತೂಗುತ್ತಿತ್ತು. ಸಾವಿಗೆ ಹಿಗ್ಗುವುದು ಪಾಪವೆಂದು ಅವನಿಗೂ ಗೊತ್ತಿತ್ತು, ಆದರೂ ಹಿಗ್ಗಿದ.

ಅಷ್ಟರಲ್ಲಿ ಫ್ಯಾನು ನಿಂತಿತು. ಓಡಿಹೋಗಿ ನೋಡಿದರೆ ಒತ್ತುಕೊಟ್ಟಿದ್ದ ಗಳವೇ ಇಲ್ಲ. ಹೆಣ ಹೊರುವ ವಿಮಾನ ಕಟ್ಟುವುದಕ್ಕೆ ಗಳ ಸಾಲದೆಂದು ಸಣ್ಣಯ್ಯ ಅದನ್ನು ಒಯ್ದು ಮೂರು ತುಂಡು ಮಾಡಿದ್ದ. "ಬೇರೆ ಗಳ ನಾಳಿಕ್ಕೆ ನೋಡಾನ. ಅಲ್ಲೀಗಂಟ ಕೈಲಿ ಇಡ್ಕೊ" ಎಂದು ಅಪ್ಪಣೆಯಾಯಿತು.

ಪರಮಶಿವಯ್ಯ ಸ್ಟೂಲು ಹತ್ತಿ ಪಿನ್ನು ಒತ್ತಿ ನಿಂತ. ತಲೆಯಿಂದ ಗೇಣು ಮೇಲೆ ಕಾದ ತಗಡು. ಬೆವರು ಕಿವಿಯಿಂದ ಇಳಿದು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಬದುಕಿದ್ದವನು ಬೇಯುತ್ತ ನಿಂತು ಸತ್ತವರಿಗೆ ತಂಗಾಳಿ ಬೀಸಿದ. ಕೈ ಸೋತು ಪಿನ್ನು ಜಾರಿದಾಗಲೆಲ್ಲ ಗೋಡೆಯಾಚೆಯಿಂದ ಭಜನೆಯ ನಡುವೆಯೇ "ಲೇ ಪರಮಶಿವ, ಗಾಳಿ" ಎಂದು ಕೂಗುತ್ತಿದ್ದರು. ಹಂಚಿನ ಆಸೆಯೊಂದು ಇಲ್ಲದಿದ್ದರೆ ಅವನು ಯಾವಾಗಲೋ ಕೆಳಗೆ ಉರುಳುತ್ತಿದ್ದ.

ಹೊತ್ತು ಮುಳುಗುವಾಗ ಗಂಗಾಂಬಿಕೆ ಬಂದಳು. ಸೆರಗಿನಲ್ಲಿ ಮಗು, ಅದರ ಕತ್ತಿನ ತುಂಬ ಬೆವರುಸಾಲೆ. ಮೊದಲ ಕೂಸಿನ ತೊಟ್ಟಿಲು ತೂಗಿದ್ದ ಕೊಂಡಿಯನ್ನು ಅವಳು ಒಮ್ಮೆ ನೋಡಿ, ಆಮೇಲೆ ಸ್ಟೂಲಿನ ಮೇಲಿದ್ದ ಗಂಡನನ್ನು ನೋಡಿದಳು.

"ಎಲ್ಲೈತೆ ಫ್ಯಾನು?"

"ಯಜಮಾನ್ರು ತೀರ್ಕಂಡ್ರು ಕಣೆ. ಅವ್ರ ಮುಂದೈತೆ."

ಗಂಗಾಂಬಿಕೆಯ ಕಣ್ಣು ತುಂಬಿತು. "ಎಣಕ್ಕೆ ಗಾಳಿ. ನಿಮ್ ಕೂಸ್ಗೆ ತಗಡು. ಬೆಳಗ್ಗಿನ ಬಸ್ಸಿಗೇ ಓಗ್ತೀನಿ ನಾನು."

ಹಂಚಿನ ಸಂಗತಿಯನ್ನು ಅವಳಿಗೆ ಹೇಗಾದರೂ ಹೇಳಬೇಕೆಂದು ಪರಮಶಿವಯ್ಯ ಪಿನ್ನು ಬಿಟ್ಟು ಕೆಳಗಿಳಿದ. ಗೋಡೆಯಾಚೆ ಫ್ಯಾನು ನಿಂತಿತು.

"ಯಾವನ್ಲಾ ಅವ್ನು ಗಾಳಿ ನಿಲ್ಸಿದ್ದು?"

ಅದು ಸಣ್ಣಯ್ಯನ ದನಿಯಾಗಿರಲಿಲ್ಲ. ಮರುಕ್ಷಣ ಭಜನೆಯ ತಾಳಗಳು ನೆಲಕ್ಕೆ ಬಿದ್ದವು, ಜನ ಬಿದ್ದಂಬೀಳ ಬೀದಿಗೆ ಓಡಿದರು. ಪರಮಶಿವಯ್ಯ ಹೋಗಿ ನೋಡಿದರೆ, ಚನ್ನಬಸವಯ್ಯನವರು ಹಾರದ ಸಮೇತ ಕಣ್ಣು ಬಿಟ್ಟುಕೊಂಡು ಎದೆಗೆ ಬಿಗಿದ ಪಂಚೆಯನ್ನು ಕಿತ್ತುಹಾಕುತ್ತಿದ್ದರು.

ಎಲ್ಲರಿಗಿಂತ ಮುಂದೆ ಓಡಿದ್ದ ಸಣ್ಣಯ್ಯ ಎಲ್ಲರಿಗಿಂತ ಮೊದಲು ಹಿಂತಿರುಗಿ ಮತ್ತೆ ನಾಡಿ ಹಿಡಿದ. "ನಿಂತಿದ್ ನಾಡಿ ದಿಟವಾಗ್ಲೂ ನಿಂತಿತ್ತು. ಗಾಳಿ ಅದ್ನ ತಿರುಗಿ ಓಡಿಸ್ತು. ಈಗ ಗಾಳಿ ನಿಂತ್ರೆ ನಾಡೀನೂ ನಿಲ್ತದೆ. ಆಗ ಕೊಲೆ ಕೇಸು ಪರಮಶಿವನ ತಲೆ ಮ್ಯಾಲೆ."

ದಾಕ್ಷಾಯಣಮ್ಮ ಪರಮಶಿವಯ್ಯನ ಕೈ ಹಿಡಿದುಕೊಂಡು ಅತ್ತರು. ಅವನು ತೊದಲುತ್ತ, "ಅಮ್ಮಾವ್ರೆ, ಆ ಅಂಚಿನ ಮಾತು..." ಎಂದ.

"ಯಾವ ಅಂಚು?" ಎಂದರು ಯಜಮಾನರು. ದಾಕ್ಷಾಯಣಮ್ಮ ನೆಲ ನೋಡಿದರು. ಯಜಮಾನರೇ ಮುಂದುವರಿಸಿದರು, "ತಗಡಿಗೇನಾಗೈತಯ್ಯಾ? ಬೆಳಗ್ಗಿಂದ ಅದರ ಕೆಳ್ಗೇ ನಿಂತಿದ್ದೀಯಂತೆ. ಗುಂಡುಕಲ್ಲಂಗಿದ್ದೀಯಲ್ಲ."

ತುಂಡಾದ ಗಳವನ್ನಾದರೂ ಕೊಡಿ, ಜೋಡಿಸಿ ಕಟ್ಟಿಕೊಳ್ಳುತ್ತೇನೆ ಎಂದು ಅವನು ಬೇಡಿದ. ವಿಮಾನಕ್ಕೆ ಕಟ್ಟಿದ ಗಳ ಬದುಕಿದವರ ಮನೆಯೊಳಗೆ ಬರಬಾರದು ಎಂದರು. ಪರಮಶಿವಯ್ಯ ತೆಪ್ಪಗೆ ಬಂದು ಸ್ಟೂಲು ಹತ್ತಿದ.

ಗಂಗಾಂಬಿಕೆ ಅವನ ಕಡೆ ನೋಡಲೂ ಇಲ್ಲ. ಮಗುವನ್ನೆತ್ತಿಕೊಂಡು ಪಕ್ಕದ ಮನೆಗೆ ಹೋಗಿ, ಯಜಮಾನರ ಪಕ್ಕದಲ್ಲಿ ಚಾಪೆ ಹಾಸಿ ಫ್ಯಾನಿನ ಮುಂದೆ ಮಲಗಿಸಿದಳು. ಊರಿಗೆ ಹೋಗುವ ಮಾತು ಅಲ್ಲಿಗೆ ನಿಂತಿತು. ಎಷ್ಟೋ ದಿನದ ಮೇಲೆ ಕೂಸು ಅಳದೆ ನಿದ್ದೆಹೋಗಿದೆ ಎಂದು ಅವಳು ದಾಕ್ಷಾಯಣಮ್ಮನಿಗೆ ಹೇಳುವುದು ಗೋಡೆಯಾಚೆಯಿಂದ ಕೇಳಿಸಿತು. ಪರಮಶಿವಯ್ಯನಿಗೆ ಅಳು ಬಂತು. ಕಣ್ಣೊರೆಸಿಕೊಳ್ಳೋಣವೆಂದು ಪಿನ್ನನ್ನು ಬಲಗೈಯಿಂದ ಎಡಗೈಗೆ ಬದಲಿಸುವಷ್ಟರಲ್ಲಿ ಗೋಡೆಯಾಚೆ ಫ್ಯಾನು ನಿಂತಿತು, ಮಗು ಚೀರಿತು, ಯಜಮಾನರು ನರಳಿದರು.

"ರೀ," ಎಂದಳು ಗಂಗಾಂಬಿಕೆ, "ಮಗ ಎದ್ಬುಡ್ತು. ಒಂದ್ ಫ್ಯಾನ್ ಇಡ್ಕಣಾಕೂ ಬರಾಕಿಲ್ವಾ ನಿಮ್ಗೆ?"