ಗೋಡೆಗೆ ಹಚ್ಚಿದ ಗಾಜು

ಮಕ್ಕಳನ್ನು ಓದಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಓದಿದ ಮಕ್ಕಳನ್ನು ಮನೆಗೆ ಕರೆಸಿಕೊಳ್ಳುವುದು ಹೇಗೆ ಅಂತ ಯಾವ ಮಾಸ್ತರನೂ ಹೇಳಿಕೊಡುವುದಿಲ್ಲ. ನನ್ನ ಮಗಳು ಗಿರಿಜಾ ಬಳ್ಳಾರಿ ಕಡೆ ಒಂದು ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಪ್ರೊಫೆಸರು. ಹಾಗಂತ ಮೊರಬದ ನಮ್ಮ ಮನೆಯೇನು ಖಾಲಿ ಬಿದ್ದಿಲ್ಲ. ಮಗ ಬಸು, ಸೊಸೆ ಸವಿತಾ, ಮೊಮ್ಮಕ್ಕಳು, ಎಮ್ಮೆಗಳು. ಸುಮ್ಮನೆ ಕೂಡ್ರಲಿಕ್ಕೆ ಜಾಗ ಇಲ್ಲ. ಆದರೂ ಬುಟ್ಟಿ ತುಂಬ ರೊಟ್ಟಿ ಇದ್ದರೇನು, ಬೇಕಾದ ಪಲ್ಯ ಇಲ್ಲದಿದ್ದರೆ ಉಂಡಂಗಾಗುವುದಿಲ್ಲ.

ಆಕೆಯ ವಿದ್ಯೆ ಶುರುವಾದದ್ದು ಕಾಲೇಜಿನಲ್ಲಲ್ಲ, ನಮ್ಮ ಎರಿ ಹೊಲದಲ್ಲಿ. ಬ್ಯಾಸಗಿಯಲ್ಲಿ ಆ ಕರಿಮಣ್ಣು ಬಾಯಿ ಬಿಡುತ್ತದಲ್ಲ, ಅದರೊಳಗೆ ಮೊಣಕಾಲ ತನಕ ಕಾಲು ಇಳಿಬಿಟ್ಟು, "ಯವ್ವಾ, ಇದರ ತಳ ಎಲ್ಲಿ ಐತಿ?" ಅಂತ ಕೇಳುತ್ತಿದ್ದಳು. "ಹಾವು ಬಂದು ತೋರಸತೈತಿ, ಕಾಲ ತಗೀ" ಅಂತ ಬೈಯುತ್ತಿದ್ದೆ. ಮುಂದೆ ಇಂಜಿನಿಯರಿಂಗ್ ಸೇರುತ್ತೇನೆ ಅಂದಾಗ ನನ್ನ ನಾದಿನಿ, "ಅಕ್ಕಿ ಆರಿಸೋ ಹುಡುಗಿ ಸಿಮೆಂಟ್ ಕಲಸತಾಳಂತ" ಅಂತ ನಕ್ಕಳು. "ಕಲಸಲಿ ಬಿಡು. ನಿನ್ನ ಮಗಗ ಅನ್ನಾನೂ ಕಲಸಾಕ ಬರೂದಿಲ್ಲ" ಅಂದೆ. ಅವತ್ತಿನಿಂದ ನಾದಿನಿ ನಮ್ಮ ಮನೆಯಲ್ಲಿ ಚಹಾ ಕುಡಿಯುವುದಿಲ್ಲ. ಸಕ್ಕರೆ ಉಳಿಯಿತು.

ಆದರೆ ಕಲಿತ ಮಗಳು ನಾಗರ ಪಂಚಮಿಗೆ ತವರಿಗೆ ಕರೆದರೆ ಬರುವುದಿಲ್ಲ. ಒಂದು ವರ್ಷ ಪರೀಕ್ಷೆ, ಒಂದು ವರ್ಷ ಪೇಪರ್ ತಿದ್ದುವುದು, ಇನ್ನೊಂದು ವರ್ಷ ಕಾಲೇಜು ನೋಡಲಿಕ್ಕೆ ಯಾರೋ ದೊಡ್ಡವರು ಬರುವುದು. ಕಡೆಗೆ ನಾನು ಕರೆಯುವುದನ್ನೇ ಬಿಟ್ಟೆ. ಕೆಲಸ ಇರುವಾಕೆಯ ಮುಂದೆ ಎಷ್ಟು ಸಲ ಬಾ ಬಾ ಅನ್ನುವುದು? ಈ ಬ್ಯಾಸಗಿಯಲ್ಲಿ ಪಡಸಾಲೆ ಗೋಡೆ ಬಿರುಕು ಬಿಟ್ಟಿತು. ಬಸು ಫೋನಿನಲ್ಲಿ ಹಾಗೇ ಒಂದು ಮಾತು ಅಂದಿದ್ದೇ ತಡ, ಬಂದ ರವಿವಾರ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡುವ ಮೊದಲು ಗೋಡೆಯ ಮೈ ಸವರಿದಳು. "ಎಂದಿನಿಂದ ಐತಿ ಇದು?" ಅಂತ ಕೇಳಿದಳು. ಅದಕ್ಕಿಂತ ಹಳೇದು ನನ್ನ ಮೊಣಕಾಲ ನೋವು, ಅದನ್ನು ಕೇಳಲಿಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಹಚ್ಚಿ, "ಗೋಡಿ ಸರದರ ಗಾಜು ಒಡಿತೈತಿ. ಒಡದ ದಿನ ಫೋನ್ ಮಾಡ್ರಿ, ಬರತೇನಿ" ಅಂದವಳೇ ನಿಂತ ಕಾಲ ಮೇಲೆ ಉಂಡು ಹೋದಳು.

ಅವತ್ತಿನಿಂದ ಎದ್ದ ಕೂಡಲೇ ದೇವರಿಗಿಂತ ಮೊದಲು ನಾನು ಆ ಗಾಜಿನ ಮುಖ ನೋಡತೊಡಗಿದೆ. ಗಾಜೋ, ಹೊಸ ಅಳಿಯ ಬಂದು ಕೂತಂಗೆ ಜಪ್ಪಯ್ಯ ಅನ್ನದೆ ಕೂತಿತ್ತು. ಮಳೆ ಬಿತ್ತು, ಕರಿಮಣ್ಣು ನೀರು ಕುಡಿದು ಉಬ್ಬಿತು, ಬಿರುಕು ಸಣ್ಣದೂ ಆಯಿತು. ಫೋನಿನಲ್ಲಿ ಗಿರಿಜಾ, "ಗಾಜು ಹೆಂಗೈತಿ?" ಅನ್ನುವಳು. "ಆರಾಮ ಐತಿ." "ನೀ?" "ನನಗೇನ ಧಾಡಿ?" ಅಷ್ಟೇ ಮಾತು.

ಪಂಚಮಿ ಬಂತು. ಅದರ ಹಿಂದಿನ ದಿನ, ರೊಟ್ಟಿ ಹಬ್ಬಕ್ಕೇ, ಓಣಿಯ ಹೆಣ್ಣುಮಕ್ಕಳೆಲ್ಲ ಚೀಲ ಹಿಡಿದು ಬಸ್ಸಿನಿಂದ ಇಳಿದರು. ನಮ್ಮ ಬೇವಿನ ಗಿಡಕ್ಕೆ ಬಸು ಜೋಕಾಲಿ ಕಟ್ಟಿದ. ಅದು ಗಾಳಿಗೆ ಬರಿದೇ ತೂಗುವುದನ್ನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಒಳಗಿಂದ ಲಟ್ಟಣಿಗೆ ತಂದು ಗಾಜಿಗೆ ಒಂದು ಪೆಟ್ಟು ಹಾಕಿದೆ.

"ಅತ್ತೀ!" ಅಂದಳು ಸವಿತಾ.

"ಬಾಯಿ ಏನ ತಗೀತಿ? ಫೋನ್ ಹಚ್ಚು. ಗಾಜು ಒಡದೈತಿ ಅನ್ನು."

ಸಂಜಿಗೆ ಗಿರಿಜಾ ಬಂದಳು. ಗಾಜು ನೋಡಿದಳು, ನನ್ನನ್ನು ನೋಡಿದಳು. "ಯವ್ವಾ, ಗೋಡಿ ಎಳದರ ಗಾಜು ಬಿರುಕಿನ ಗುಂಟ ಸೀಳತೈತಿ. ಒಂದ ಗೆರಿ. ಇದು ಜೇಡರ ಹುಳದ ಬಲಿ ಹಂಗ ನಾಕೂ ಕಡೆ ಸೀಳೈತಲ್ಲ?"

"ಬೆಕ್ಕ ಜಿಗೀತು."

"ಬೆಕ್ಕಿನ ಕೈಯಾಗ ಲಟ್ಟಣಿಗಿ ಇತ್ತೇನ ಬೇ?"

"ಆ ಪ್ರಶ್ನಿ ಎಲ್ಲಾ ನಿಮ್ಮ ಕಾಲೇಜಿನ್ಯಾಗ ಕೇಳು. ಇಲ್ಲೆ ಉಂಡಿ ತಿನ್ನು."

ಆ ಗೋಡೆಗೇ ಆನಿಕೊಂಡು ಕೂತು ಎಳ್ಳುಂಡಿ ತಿಂದಳು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಗಾಜು ನೋಡುವ ಭರದಲ್ಲಿ ನಾನೂ ಮಗಳನ್ನು ನೋಡಿರಲಿಲ್ಲ. ಮರುದಿನ ಸೀರೆ ಕಚ್ಚೆ ಬಿಗಿದು ಜೋಕಾಲಿ ಜೀಕಿದಳು. ಏರುವ ಮೊದಲು ಹಗ್ಗ, ಟೊಂಗೆ ಎರಡನ್ನೂ ಪರೀಕ್ಷೆ ಮಾಡಿದಳು ಅನ್ನಿ. ಅದು ಆಕೆಯ ರೋಗ.

ಹೊರಡುವಾಗ ಹೊಸ ಗಾಜು ಹಚ್ಚಿ, "ಇದನ್ನ ಒಡೀಬ್ಯಾಡ. 'ಬಾ' ಅನ್ನು ಸಾಕು, ಬರತೇನಿ" ಅಂದಳು. ಆತು ಅಂದೆ.

ಒಂದೇ ಅಕ್ಷರ. ನಾಲ್ಕನೇತ್ತೆ ತನಕ ಸಾಲಿ ಕಲಿತವಳಿಗೆ ಕಷ್ಟ ಆಗಬಾರದು. ದೀಪಾವಳಿ ಹತ್ತಿರ ಬಂತು. ಫೋನ್ ಕೈಯಲ್ಲಿ ಹಿಡಿದರೆ ಎಮ್ಮೆ ಈದದ್ದು, ಹತ್ತಿ ಬಿಡಿಸಿದ್ದು, ನಾದಿನಿಯ ಸೊಕ್ಕು, ಎಲ್ಲ ಬಾಯಿಗೆ ಬರುತ್ತದೆ, ಆ ಒಂದು ಅಕ್ಷರ ಮಾತ್ರ ಬರುವುದಿಲ್ಲ. ಹಾಗಾಗಿ ಮತ್ತೆ ಗೋಡೆ ಮುಂದೆ ನಿಲ್ಲುತ್ತಿದ್ದೇನೆ. ಈ ಸಲ ಒಡೆಯುವುದಾದರೆ ಬಿರುಕಿನ ಗುಂಟ, ಒಂದೇ ಗೆರೆ. ಮಗಳು ಭಾಳ ಒಳ್ಳೆಯ ಪ್ರೊಫೆಸರು. ಒಮ್ಮೆ ಹೇಳಿದ ಪಾಠ ನನ್ನಂಥಾಕೆಯ ತಲೆಗೂ ಹತ್ತಿಬಿಟ್ಟಿದೆ.