ಬಿಸ್ಕತ್ತಿನ ಸೀರೆ

ನಮ್ಮ ಸೋದರಮಾವನನ್ನು ಮಾತ್ರ ದಿನಸಿ ತರಲು ಕಳಿಸಬಾರದು. ಅವರು ದಿನಸಿ ತರುವುದಿಲ್ಲ, ಪ್ಯಾಕೆಟ್ ತರುತ್ತಾರೆ! ಒಳಗಿರುವ ಪದಾರ್ಥವೆಲ್ಲ ಅವರ ಲೆಕ್ಕದಲ್ಲಿ ಕವರಿನ ಜೊತೆ ಬಂದ ಕೊಸರು.

ದೊಡ್ಡಬಳ್ಳಾಪುರದಲ್ಲಿ ಮನೆಗೆ ಅಂಟಿಕೊಂಡೇ ಅವರ ವಿದ್ಯುತ್ ಮಗ್ಗವಿದೆ. ಸೀರೆ ನೇಯುವವರಿಗೆ ಹೊಸ ಹೊಸ ಡಿಸೈನು ಬೇಕಲ್ಲ? ಬೇರೆಯವರು ಬರೆಸಿಕೊಳ್ಳುತ್ತಾರೆ, ಮಾವ ಕಿರಾಣಿ ಅಂಗಡಿಯಲ್ಲಿ ಹುಡುಕುತ್ತಾರೆ. ಒಮ್ಮೆ ಅತ್ತೆ ತೊಗರಿಬೇಳೆಗೆ ಕಳಿಸಿದರೆ, ಕವರಿನ ಅಂಚಿನ ಬಳ್ಳಿ ಚೆನ್ನಾಗಿದೆಯೆಂದು ಚೀಲದ ತುಂಬ ಶಾವಿಗೆ ತಂದರು.

"ಬೇಳೆ ಎಲ್ರೀ?"

"ಬೇಳೆ ಕವರೂ ನೋಡ್ದೆ ಕಣೇ. ಬರೀ ಬೋಳು."

"ಸರಿ, ಈ ಬಳ್ಳೀನೇ ಬೇಯಿಸಿ ಸಾರು ಮಾಡ್ತೀನಿ, ಉಣ್ಣಿ!"

ಆ ವಾರವೆಲ್ಲ ಆ ಮನೆಯಲ್ಲಿ ಶಾವಿಗೆ ಉಪ್ಪಿಟ್ಟು.

ಗೌರಿ ಹಬ್ಬಕ್ಕೆ ದೇವನಹಳ್ಳಿಯ ನಮ್ಮ ಮನೆಗೆ ಅಮ್ಮನ ತವರಿನ ಸೀರೆ ಬರುತ್ತಿದ್ದುದು ಇದೇ ಮಗ್ಗದಿಂದ. ಮಾವ ಸೀರೆ ಬಿಚ್ಚಿ ಹಾಸಿದ ಕೂಡಲೇ ಅಪ್ಪ ಕನ್ನಡಕ ಏರಿಸಿಕೊಂಡು ಕೂರುತ್ತಿದ್ದರು.

"ಇದು ಟೀಪುಡಿ."

"ಕರೆಕ್ಟ್ ಭಾವ!"

ಮರುವರ್ಷ, "ಇದು ಬಟ್ಟೆ ಸೋಪು." "ಕರೆಕ್ಟ್ ಭಾವ!" ಅಪ್ಪ ತಪ್ಪಿದ್ದೇ ಇಲ್ಲ. ಅಮ್ಮನಿಗೆ ಮಾತ್ರ ಉರಿ. "ನನಗೆ ಸೀರೆ ಉಡಿಸ್ತೀರೋ, ಅಂಗಡಿ ಸಾಮಾನು ಕಟ್ತೀರೋ?" ಎಂದು ಇಬ್ಬರನ್ನೂ ಬೈಯುತ್ತಲೇ ಉಡುತ್ತಿದ್ದಳು.

ಒಂದು ವರ್ಷ ಕೆಂಪು ಒಡಲಿಗೆ ಹಳದಿ ಹೂವು ಬಂತು. ಅದನ್ನುಟ್ಟು ಮದುವೆ ಊಟಕ್ಕೆ ಕೂತರೆ, ಎದುರು ಪಂಕ್ತಿಯಲ್ಲಿ ತಾಯಿಯ ತೊಡೆ ಮೇಲಿದ್ದ ಕೂಸೊಂದು ಅಮ್ಮನ ಸೆರಗಿಗೆ ಕೈಚಾಚಿ ಬಿಸ್ಕತ್ತು ಬೇಕೆಂದು ರಂಪ ಮಾಡಿತು. ಎಲೆಯ ಮೇಲೆ ಒಬ್ಬಟ್ಟಿದ್ದರೂ ಬೇಡ! ಅಪ್ಪ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡರು. ಅಂದಿನಿಂದ ಅದು ಬಿಸ್ಕತ್ತಿನ ಸೀರೆ. ಅಪ್ಪನಿಗೆ ಅದೆಂದರೆ ಪ್ರಾಣ.

ಹೋದ ಮಾಘದಲ್ಲಿ ಅಪ್ಪ ತೀರಿಕೊಂಡರು.

ಮಿಲ್ಲಿಗೆ ಹೋಗಿ ರಾಗಿ ಬೀಸಿಸಿಕೊಂಡು ಬರುತ್ತಿದ್ದವರು ಅವರೇ. ಈಗ ನಾನು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಫೋನ್ ಒತ್ತಿದರೆ ಹಿಟ್ಟು ಮನೆಗೆ ಬರುತ್ತದೆ. ರಾಗಿ ಬೆಳೆಯುವ ಸೀಮೆಯಲ್ಲಿ ಇದೆಂಥ ಗತಿ ಎಂದು ನೀವು ನಗಬಹುದು. ನಗಿ. ಬಂದ ಪ್ಯಾಕೆಟ್ ಮಾತ್ರ ನಾವು ಕಂಡರಿಯದ್ದು: ಮಣ್ಣಿನ ಬಣ್ಣದ ದಪ್ಪ ಕಾಗದ, ತಾನೇ ನೆಟ್ಟಗೆ ನಿಲ್ಲುತ್ತದೆ, ಬಾಯಿಗೊಂದು ಜಿಪ್ಪು. ಮೂಲೆಯಲ್ಲಿ ಉಗುರಿನಷ್ಟು ಒಂದು ರಾಗಿ ತೆನೆ, ಉಳಿದದ್ದೆಲ್ಲ ಖಾಲಿ. ಅಮ್ಮ ಅದನ್ನು ಗಿಡದ ಗೊಬ್ಬರವೆಂದುಕೊಂಡು ಹಿತ್ತಲಲ್ಲಿ ಇಟ್ಟಿದ್ದಳು!

ಶ್ರಾವಣದಲ್ಲಿ ಬಂದ ಮಾವ ಅದನ್ನು ತಿರುಗಾ ಮುರುಗಾ ಮಾಡಿ ನೋಡಿದರು.

"ಏನಮ್ಮಾ ಇದು, ಅಂಚಿಲ್ಲ ಸೆರಗಿಲ್ಲ! ಜಿಪ್ಪು ಇಡೋಕೆ ಬರ್ತದೆ, ಒಂದು ಹೂವ ಇಡೋಕೆ ಏನ್ ರೋಗ?"

"ಈಗ ಇದೇ ಫ್ಯಾಷನ್ ಮಾವ."

"ಇಷ್ಟು ಬೋಳಾಗಿರೋದಾ?" ಎಂದವರು ಅಮ್ಮನ ಬರಿಗೊರಳು ನೋಡಿ ನಾಲಿಗೆ ಕಚ್ಚಿಕೊಂಡರು.

ಅಮ್ಮ ಶಾಂತವಾಗಿಯೇ ಹೇಳಿದಳು: "ನಂಗಿದು ಚೆನ್ನಾಗೈತೆ ಕಣೋ. ಕಣ್ಣಿಗೆ ತಂಪು. ಈ ಸಲ ಗೌರಿಗೆ ಸೀರೆ ತರಬೇಡ. ಬಾಗಿನ ಏನಿದ್ರೂ ಮುತ್ತೈದೇರಿಗೆ. ನಾನು ಬಣ್ಣ ಉಟ್ಕೊಂಡು ಯಾರಿಗೆ ತೋರಿಸ್ಲಿ?"

ಗೌರಿ ಹಬ್ಬದ ಸೀರೆಯೆಂದರೆ ಅಮ್ಮನಿಗೆ ತವರು. ಅದೂ ನಿಂತರೆ ಅಪ್ಪನ ಹಿಂದೆಯೇ ತವರೂ ಹೋದಂತೆ. ಮಾವ ಹಿಟ್ಟನ್ನು ಡಬ್ಬಿಗೆ ಸುರಿದು, ಖಾಲಿ ಪ್ಯಾಕೆಟ್ ಕೊಡವಿ, ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದರು.

ಹಬ್ಬದ ದಿನ ಬಂದೇ ಬಂದರು. ಮೊರವಿಲ್ಲ, ಬಾಗಿನವಿಲ್ಲ, ಕೈಯಲ್ಲಿ ಒಂದು ಸೀರೆ ಅಷ್ಟೇ.

"ಇದು ಹಬ್ಬದ್ದಲ್ಲ ಅಕ್ಕ. ನಿನ್ನ ತಮ್ಮ ತಂದಿದ್ದು. ಉಟ್ಕೋ."

ಮಣ್ಣಿನ ಬಣ್ಣದ ಒಡಲು, ಸೆರಗಿನ ಮೂಲೆಯಲ್ಲಿ ಉಗುರಿನಷ್ಟು ರಾಗಿ ತೆನೆ. ಅವರು ಬೈದಿದ್ದ ಅದೇ ಪ್ಯಾಕೆಟ್ಟು! ಅಮ್ಮ ಅದನ್ನು ಸವರಿ ನೋಡಿದಳು. ಬೇಡ ಅನ್ನಲಿಲ್ಲ. ಉಡಲು ಒಳಗೆ ಹೋದಳು.

ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಬಾಗಿಲು ತಳ್ಳಿದೆ. ಸೊಂಟಕ್ಕೆ ಸಿಕ್ಕಿಸುವ ಮೊದಲ ಸುತ್ತನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಉಟ್ಟ ಮೇಲೆ ಯಾರ ಕಣ್ಣಿಗೂ ಬೀಳದ ಆ ಒಂದು ಮೊಳದಲ್ಲಿ ಮಾವ ಕೆಂಪು ನೂಲು ಹಾಯಿಸಿ ಹಳದಿ ಹೂವು ನೇಯ್ದಿದ್ದರು.

ಅಮ್ಮ ಕಣ್ಣೊರೆಸಿಕೊಂಡು, ಹೂವನ್ನು ಒಳಗೆ ಸೇರಿಸಿ ನೆರಿಗೆ ಹಿಡಿದಳು. ಹೊರಗೆ ಬಂದು ಅಪ್ಪನ ಕುರ್ಚಿಯ ಪಕ್ಕ ನಿಂತು ತಮ್ಮನನ್ನು ನೋಡಿದಳು.

"ಇದು ಬಿಸ್ಕತ್ತು," ಎಂದಳು.

"ಕರೆಕ್ಟ್ ಭಾವ!" ರೂಢಿಯಂತೆ ಮಾವನ ಬಾಯಿಂದ ಬಂದುಬಿಟ್ಟಿತು. ಆಮೇಲೆ ಹೆಗಲ ಮೇಲಿನ ಟವಲಿನಲ್ಲಿ ಮುಖ ಮುಚ್ಚಿಕೊಂಡು, ಆ ಪಂಕ್ತಿಯ ಕೂಸಿನ ಹಾಗೆ ಅತ್ತರು.