ನೋಡಿದ್ದು ಯಾರು ಅಜ್ಜಿ?

ಸ್ವಲ್ಪ ಹತ್ತಿರ ಬನ್ನಿ. ಆ ಬಾಗಿಲು ಮುಂದಕ್ಕೆ ಎಳೆದುಬಿಡಿ. ಈಗ ಹೇಳೋದು ಈ ಗೋಡೆ ದಾಟಬಾರದು. ದಾಟಿದರೂ ನನ್ನ ಹೆಸರು ಬರಬಾರದು. ನಿಮಗಿಂತ ಮೊದಲು ಇಬ್ಬರಿಗೆ ಮಾತ್ರ ಹೇಳಿದ್ದೀನಿ. ಇಬ್ಬರೂ ಬಾಯಿ ಬಿಡಲ್ಲ ಅಂತ ಆಣೆ ಇಟ್ಟಿದ್ದಾರೆ. ಒಬ್ಬಳು ಆಣೆ ಇಟ್ಟು ಸೀದಾ ಹಿಟ್ಟಿನ ಗಿರಣಿ ಕಡೆ ಹೋದಳು, ಅದು ಬೇರೆ ಮಾತು.

ಸಾದಲಿ ಕಡೆಯ ನಮ್ಮೂರಲ್ಲಿ ಇಂಥವು ನಡೀತಾನೇ ಇರ್ತವೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಆದರೆ ನಮ್ಮ ಜಗಲಿ ಎದುರಿಗೇ ಬೀದಿ ನಲ್ಲಿ. ಅಲ್ಲಿ ಕೂತು ತಿಳಕೊಂಡಿರೋದು ಯಾವ ಕಾಲೇಜಲ್ಲೂ ಹೇಳಿಕೊಡಲ್ಲ.

ರಾಗಿ ಡಬ್ಬದಲ್ಲಿ ಫೋನು

ಆಗ ಊರಿಗೆ ಮೊಬೈಲು ಹೊಸದು. ಪಕ್ಕದ ಮನೆಯವನು ಒಂದು ತಂದ. ತಂದು ಜೇಬಿಗೆ ಹಾಕ್ಕೊಂಡು ಮೆರೆಯೋ ಅಷ್ಟರಲ್ಲಿ ಸುದ್ದಿ ಬಂತು. ಯಾವುದೋ ಕೆಂಪು ನಂಬರಿಂದ ಫೋನು ಬರುತ್ತಂತೆ, ಎತ್ತಿದವರು ಅಲ್ಲೇ ರಕ್ತ ಕಾರಿ ಸಾಯ್ತಾರಂತೆ. ಆಚೆ ದೇಶದವರು ಕೂತ ಜಾಗದಿಂದಲೇ ಕರೆಂಟು ಕಳಿಸಿ ನಮ್ಮವರನ್ನ ಮುಗಿಸೋ ಪಿತೂರಿಯಂತೆ.

ಅವನು ಫೋನನ್ನ ತಗೊಂಡು ಹೋಗಿ ರಾಗಿ ಡಬ್ಬದಲ್ಲಿ ಹೂತಿಟ್ಟ. ಅದು ಅಲ್ಲಿಂದಲೇ ಬಡಕೊಳ್ಳೋದು. ಗಂಡ, ಹೆಂಡತಿ, ಮೂರನೇ ಕ್ಲಾಸಿನ ಮಗಳು, ಮೂವರೂ ಡಬ್ಬದ ಸುತ್ತ ಕೈ ಕಟ್ಟಿ ನಿಂತ್ಕೊಳ್ಳೋರು. ಆ ಮಗು ಪಾಪ, ಹೆದರಿ ಊಟ ಬಿಟ್ಟಿತ್ತು. ಶಾಲೆ ಬ್ಯಾಗಲ್ಲಿ ನಿಂಬೆಹಣ್ಣು ಇಟ್ಕೊಂಡು ಓಡಾಡ್ತಿತ್ತು.

ಒಂದು ದಿನ ಫೋನು ಸುಮ್ಮನಾಯ್ತು. ಬಸ್ಸಿಂದ ಅವನ ಅತ್ತೆ ಇಳಿದರು, ಗೌರಿಬಿದನೂರಿನವರು, ಎರಡು ದೊಡ್ಡ ಚೀಲದ ಸಮೇತ.

"ಬರ್ತೀನಿ ಅಂತ ಎಷ್ಟು ಸಲ ಫೋನು ಮಾಡೋದಪ್ಪ ನಿಂಗೆ?" ಅಂದರು. ಹಬ್ಬ ಮುಗಿಯೋವರೆಗೂ ಇದ್ದರು.

ಅವನು ನನ್ನ ಜಗಲಿಗೆ ಬಂದು ಪಿಸುಗುಟ್ಟಿದ: "ದೊಡ್ಡಮ್ಮ, ಎತ್ತಿದ್ರೆ ಊರಲ್ಲಿಲ್ಲ ಅಂತಾದ್ರೂ ಹೇಳಬಹುದಿತ್ತು. ಎತ್ತದೇ ಸತ್ತೆ."

ಶನಿವಾರದ ಪಾಠ

ಮೂರನೇ ಕ್ಲಾಸಿಗೆ ಚಿಂತಾಮಣಿಯಿಂದ ಬಸ್ಸಲ್ಲಿ ಬರೋ ಒಬ್ಬಳು ಟೀಚರ್ ಇದ್ದಳು. ಬ್ಯಾಗುಗಳಿಂದ ನಿಂಬೆಹಣ್ಣು ಉರುಳಿ ಬಿದ್ದಿದ್ದನ್ನ ನೋಡಿ ಅವಳು ಬೈಯಲಿಲ್ಲ, ನಗಲೂ ಇಲ್ಲ. ಪ್ರತಿ ಶನಿವಾರ ಒಂದು ಪಾಠ ಶುರು ಮಾಡಿದಳು. ಊರಲ್ಲಿ ಓಡಾಡೋ ಇಂಥ ಪಿತೂರಿ ಕಥೆ ಒಂದನ್ನ ಹಿಡಿದು ಮೂರು ಪ್ರಶ್ನೆ ಕೇಳಬೇಕು. ನೋಡಿದ್ದು ಯಾರು? ನಿನಗೆ ಹೇಳಿದ್ದು ಯಾರು? ನಿಜವೋ ಸುಳ್ಳೋ ಪರೀಕ್ಷೆ ಮಾಡೋದು ಹೇಗೆ?

ಊರೆಲ್ಲ ಗೊಣಗಿತು. ಮೂಗು ಒರೆಸೋಕೆ ಬರದ ಮಕ್ಕಳಿಗೆ ಪಿತೂರಿ ಗಿತೂರಿ ಎಲ್ಲ ಯಾಕೆ ಅಂತ. ನಾನೂ ನನ್ನ ಕೈಲಾದಷ್ಟು ಗೊಣಗಿದೆ. ಪಕ್ಕದ ಮನೆ ಹೆಂಗಸಂತೂ "ಸೋಮವಾರ ಹೋಗಿ ಆ ಟೀಚರಮ್ಮಂಗೆ ನಾಲ್ಕು ಮಾತು ಅಂದು ಬರ್ತೀನಿ" ಅಂತ ಸೆರಗು ಬಿಗಿದಳು.

ಭಾನುವಾರ ಅವಳ ಗಂಡ ಹೊತ್ತು ಮುಳುಗಿದ ಮೇಲೆ ಮನೆಗೆ ಬಂದ. "ಚಿಂತಾಮಣೀಲಿ ಕೆಲಸ ಲೇಟಾಯ್ತು ಕಣೇ" ಅಂದ.

ಮಗಳು ಕೇಳಿದಳು: "ನಿನ್ನ ಅಲ್ಲಿ ನೋಡಿದ್ದು ಯಾರಪ್ಪ?"

"ನಿಮ್ಮ ಮಾವ ನೋಡಿದ್ರು. ಬೆಳಿಗ್ಗೆಯಿಂದ ಇಬ್ಬರೂ ಜೊತೇಲೇ ಇದ್ವಿ."

ಮಾವ ಒಳಗೆ ಮುದ್ದೆ ಮುರೀತಾ ಕೂತಿದ್ದ. ಮಧ್ಯಾಹ್ನವೇ ಬಂದಿದ್ದ.

ಇವನು ನಿಜವಾಗಿ ಎಲ್ಲಿದ್ದ ಅಂತ ನನಗೆ ಗೊತ್ತು. ತೋಪಿನ ಹಿಂದೆ ಇಸ್ಪೀಟು. ನನ್ನನ್ನ ಕೇಳಿದ್ದರೆ ಯಾರ ಕೈಲಿ ಯಾವ ಎಲೆ ಇತ್ತು ಅಂತಾನೂ ಹೇಳ್ತಿದ್ದೆ.

ಸೋಮವಾರ ಜಗಳಕ್ಕೆ ಹೋಗಬೇಕಾಗಿದ್ದವಳು ಟೀಚರಿಗೆ ಹಿದುಕಿದ ಬೇಳೆ ಸಾರು ತಗೊಂಡು ಹೋದಳು. ಆವತ್ತಿಂದ ಊರಿನ ಗಂಡಸರೆಲ್ಲ ಒಂದಾದರು, ಈ ಪಾಠ ನಿಲ್ಲಲೇಬೇಕು ಅಂತ.

ನನ್ನ ಕಣ್ಣಿಗೊಂದು ಪರೀಕ್ಷೆ

ಅಷ್ಟರಲ್ಲಿ ಹೊಸ ಸುದ್ದಿ ಹುಟ್ಟಿತು. ರೇಷ್ಮೆ ಹುಳಕ್ಕೆ ರೋಗ ಬರದಿರಲಿ ಅಂತ ಮೈಮೇಲೆ ಒಂದು ಬಿಳಿ ಪುಡಿ ಉದುರಿಸ್ತೀವಲ್ಲ, ಅದು ವಿಷವಂತೆ. ನಮ್ಮ ರೇಷ್ಮೆ ಮಣ್ಣಾಗಿ ಅವರ ರೇಷ್ಮೆ ಮಾರಾಟ ಆಗಲಿ ಅಂತ ಚೀನಾದವರು ಬೆರೆಸಿ ಕಳಿಸಿದ್ದಂತೆ. ಆಗಲೇ ಐದೂರಿನ ಹುಳ ಸತ್ತು ತಿಪ್ಪೆಗೆ ಬಿದ್ದವಂತೆ.

ಪಕ್ಕದ ಮನೆಯವಳು ಪುಡಿ ಚೀಲ ಎತ್ತಿ ದನದ ಕೊಟ್ಟಿಗೆಗೆ ಎಸೆದಳು. ಶೀತ ಹಿಡಿದ ದಿನಗಳು, ಸುಣ್ಣಕಟ್ಟು ರೋಗ ಬಂದರೆ ಒಂದೇ ದಿನಕ್ಕೆ ಮನೆ ತುಂಬ ಹುಳ ಸುಣ್ಣದ ಕಡ್ಡಿ ಥರ ಬಿರುಸಾಗ್ತವೆ. ಪುಡಿ ಹಾಕಿದರೂ ಭಯ, ಬಿಟ್ಟರೂ ಭಯ.

ಮಗಳು ಕೇಳಿದಳು: "ಸತ್ತಿದ್ದು ನೋಡಿದ್ದು ಯಾರಮ್ಮ?"

"ಎಲ್ಲಾರೂ ಹೇಳ್ತಿದ್ದಾರಲ್ಲೇ."

"ಹಂಗಾದ್ರೆ ಒಂದೇ ತಟ್ಟೆಗೆ ಉದುರಿಸಿ ನೋಡಣ. ಸತ್ತರೆ ಒಂದೇ ತಟ್ಟೆ ತಾನೆ?"

ಉದುರಿಸಿದರು. ಬೆಳಗಾಗೋ ಹೊತ್ತಿಗೆ ಆ ತಟ್ಟೆಯ ಹುಳಗಳು ಚಪ್ಪರದ ಮೇಲೆ ಹನಿ ಬಿದ್ದ ಹಾಗೆ ಸದ್ದು ಮಾಡ್ಕೊಂಡು ಸೊಪ್ಪು ಮೇಯ್ತಿದ್ದವಂತೆ. ಚೀಲ ಕೊಟ್ಟಿಗೆಯಿಂದ ವಾಪಸು ಬಂತು.

ನಾನು ನೋಡೋಕೆ ಹೋದೆ. ಸತ್ತಿದ್ದರೆ ನಾಲ್ಕು ಜನಕ್ಕೆ ತಿಳಿಸೋಳು ಬೇಕಲ್ಲ. ಹುಳದ ಮನೆ ಬಾಗಿಲಲ್ಲೇ ಮಗಳು ಕೈ ಅಡ್ಡ ಇಟ್ಟಳು. "ಒಳಗೆ ಬಿಡಲ್ಲ ಅಜ್ಜಿ. ನಿಮ್ಮ ಕಣ್ಣು ಬಿದ್ರೆ ಹುಳ ಸಾಯ್ತವೆ ಅಂತ ಬೀದಿಯೋರೆಲ್ಲ ಹೇಳ್ತಾರೆ."

ನನಗೆ ಮೈಯೆಲ್ಲ ಉರಿಯಿತು. ಮದುವೆಯಾಗಿ ಈ ಬೀದಿಗೆ ಬಂದಾಗಿಂದ ಅಂಟಿದ ಹೆಸರು ಅದು. ಅವಳ ಪಾಠವನ್ನೇ ಅವಳಿಗೆ ತಿರುಗಿಸಿದೆ: "ಸತ್ತಿದ್ದು ನೋಡಿದ್ದು ಯಾರೇ ತಾಯಿ?"

ಅವಳು ಅಡ್ಡ ಇಟ್ಟ ಕೈ ತೆಗೆದಳು. ಒಳಗೆ ಹೋಗಿ ಒಂದು ತಟ್ಟೆ ಹುಳ ಹೊತ್ತು ತಂದು ನನ್ನ ಮುಂದೆ ಇಟ್ಟಳು. ಒಂದು ಮಣೇನೂ ಹಾಕಿದಳು.

"ಕೂತ್ಕೊಂಡು ಚೆನ್ನಾಗಿ ನೋಡಿ ಅಜ್ಜಿ. ನಾಳೆ ಗೊತ್ತಾಗುತ್ತೆ."

ರೆಪ್ಪೆ ಬಡಿಯದೆ ನೋಡಿದೆ. ಒಂದು ಹುಳವೂ ಸಾಯಲಿಲ್ಲ. ಆ ತಟ್ಟೆಯ ಗೂಡುಗಳೇ ಎಲ್ಲಕ್ಕಿಂತ ಗಟ್ಟಿ ಬಂದವಂತೆ. ಈಗ ಅದೇ ನಮ್ಮ ಬೀದಿ ಹೆಂಗಸರು "ದೊಡ್ಡಮ್ಮ, ಬಂದು ನಮ್ಮ ಹುಳಾನೂ ಒಂದ್ಸಲ ನೋಡಿ" ಅಂತ ಕರೀತಾರೆ.

ಶಾಲೆ ಮುಂದಿನ ಮೀಟಿಂಗು

ಪಾಠ ಇರಬೇಕೋ ಬೇಡವೋ ಅಂತ ತೀರ್ಮಾನಕ್ಕೆ ಶಾಲೆ ಅಂಗಳದಲ್ಲಿ ಜನ ಸೇರಿದರು. ಜಾಸ್ತಿ ಜನ ಬೇಡ ಅಂದರೆ ಪಾಠವೂ ನಿಲ್ಲುತ್ತೆ, ಟೀಚರನ್ನೂ ಬೇರೆ ಊರಿಗೆ ಹಾಕಿಸ್ತೀವಿ ಅಂತ ಗಂಡಸರು ಮೊದಲೇ ಹೇಳಿಬಿಟ್ಟಿದ್ದರು. ಮೂರನೇ ಕ್ಲಾಸಿನ ಮಕ್ಕಳು ಕಣ್ಣಲ್ಲಿ ನೀರು ತುಂಬ್ಕೊಂಡು ಸಾಲಾಗಿ ಕೂತಿದ್ದವು.

ಊರ ಯಜಮಾನರು ಕೇಳಿದರು: "ಪಿತೂರಿ ಅಂದ್ರೇನು ಅಂತಾನೇ ತಿಳೀದ ಕೂಸುಗಳು. ನೀನ್ಯಾಕಮ್ಮ ಅವರ ತಲೇಲಿ ತುಂಬ್ತೀಯ?"

ಟೀಚರ್ ಮೆಲ್ಲಗೆ ಅಂದಳು: "ನಾನು ತುಂಬ್ತಿಲ್ಲ ಸಾರ್. ಮನೆಯಿಂದಲೇ ತುಂಬ್ಕೊಂಡು ಬರ್ತಾರೆ. ನಾನು ಇಳಿಸಿ ನೋಡೋದು ಹೇಳಿಕೊಡ್ತೀನಿ."

ಆಗ ನಾನು ಎದ್ದೆ. ನನ್ನ ಕಣ್ಣಿನ ಕೆಟ್ಟ ಹೆಸರು ಕಳೆದ ಪಾಠದ ಋಣ ಇತ್ತು, ನಿಜ. ಆದರೆ ನಲ್ಲಿ ಹತ್ತಿರ ನಾನು ಬಾಯಿ ತೆರೆದರೆ ಸಾಕು, ಮಕ್ಕಳು "ನೋಡಿದ್ದು ಯಾರು ಅಜ್ಜಿ" ಅನ್ನೋಕೆ ಶುರು ಮಾಡಿದ್ದವು. ಹಿಂಗಾದರೆ ದೊಡ್ಡವರು ಮಾತಾಡೋದು ಹೇಗೆ? ಅದಕ್ಕೆ ಹೇಳಿದೆ: "ಬೇಡ ಸ್ವಾಮಿ. ಮಕ್ಕಳಿಗೆ ದೊಡ್ಡವರ ಮೇಲೆ ನಂಬಿಕೆ ಹೋಗುತ್ತೆ."

ಪಕ್ಕದ ಮನೆ ಮಗಳು ಕೈ ಎತ್ತಿದಳು. "ಪುಡಿ ಕಥೆ ಎಲ್ಲಿಂದ ಬಂತು ಅಂತ ನಾವೆಲ್ಲ ಕೇಳ್ಕೊಂಡು ಹೋದ್ವಿ ಸಾರ್. ಹೇಳ್ಲಾ?"

ಹೇಳಿದಳು. ಹಾಲಿನ ಡೈರಿಯವರು ಐದೂರಿನ ಹುಳ ಸತ್ತವು ಅಂದರಂತೆ. ಅವರಿಗೆ ಹೇಳಿದ್ದು ಹಿಟ್ಟಿನ ಗಿರಣಿಯವರು. ಅಲ್ಲಿ ಕೇಳಿದರೆ ಐದೂರಲ್ಲ, ಕೆಂಚಾರ್ಲಹಳ್ಳಿ ಒಂದೇ. ಅವರಿಗೆ ಹೇಳಿದ್ದು ಹೂವಿನವಳು; ಅವಳ ಲೆಕ್ಕದಲ್ಲಿ ಊರೂ ಇಲ್ಲ, ಒಂದೇ ಮನೆ. ಅವಳಿಗೆ ಹೇಳಿದ್ದು ಯಾರು ಅಂದರೆ, "ಏಮೋ ಅಮ್ಮಾ, ಸರಿಯಾಗಿ ಗೊತ್ತಿಲ್ಲ, ನಲ್ಲಿ ಹತ್ರ ಅಜ್ಜಿ ಅಂದ್ರು" ಅಂದಳಂತೆ.

ಎಲ್ಲರ ಮುಖ ನನ್ನ ಕಡೆ ತಿರುಗಿತು.

"ಆ ಪುಡಿ ಎಲ್ಲಿಂದ ಬರುತ್ತೋ, ಚೀನಾದಿಂದಲೇ ಇರಬಹುದು ಅಂದೆ ಅಷ್ಟೇ. ನಾನು ಒಂದು ಹುಳಾನೂ ಸಾಯಿಸಲಿಲ್ಲ" ಅಂದೆ. "ಐದೂರಿನ ಹುಳ ಸತ್ತವು ಅಂತ ಕೇಳಿ ಭಯಬಿದ್ದು, ಪುಡಿ ಮುಟ್ಟಬೇಡ ಅಂತ ಮಂಡಿಕಲ್ಲಿನಲ್ಲಿರೋ ನನ್ನ ಮಗಳಿಗೇ ಹೇಳಿ ಕಳಿಸಿದ್ದೀನಿ."

"ಐದೂರು ಅಂತ ನಿಮಗೆ ಹೇಳಿದ್ದು ಯಾರು ಅಜ್ಜಿ?"

"ಡೈರಿಯೋರು" ಅಂದೆ. ಅಂದ ಮೇಲೆ ನನಗೂ ತಿಳೀತು.

ಅಂಗಳದಲ್ಲಿ ಕೂತವರೆಲ್ಲ ನಕ್ಕರು. ಯಜಮಾನರು ನಕ್ಕು ನಕ್ಕು ಟವೆಲಲ್ಲಿ ಕಣ್ಣು ಒರೆಸಿಕೊಂಡರು. ಟೀಚರ್ ಮಾತ್ರ ತಲೆ ತಗ್ಗಿಸಿ ತುಟಿ ಕಚ್ಚಿಕೊಂಡಿದ್ದಳು. ನಗು ನಿಂತ ಮೇಲೆ ಯಜಮಾನರು ಕೇಳಿದರು, ಹಾಗಾದರೆ ಪಾಠ ಇರಲೋ ಬೇಡವೋ ಅಂತ.

ಪಕ್ಕದ ಮನೆಯವಳು ಎದ್ದು ಬಂದು ನನ್ನ ಎದುರಿಗೇ ನಿಂತಳು. ಕೈ ಹಿಡಕೊಂಡು, ಮುಖಕ್ಕೆ ಮುಖ ಕೊಟ್ಟು ಅಂದಳು:

"ನೀವು ನೂರು ವರ್ಷ ಬಾಳಬೇಕು ದೊಡ್ಡಮ್ಮ. ನೀವು ಇರೋವರ್ಗೂ ನಮ್ಮ ಮಕ್ಕಳಿಗೆ ಈ ಪಾಠ ಬೇಕೇ ಬೇಕು."